ಹೆಣಕ್ಕೆ ಐದೇ ಪ್ರಶ್ನೆ

ಕೊಲೆ ಮಾಡುವುದು ಸುಲಭ. ಮಾಡಿದ್ದು ಸಿಕ್ಕಿಬೀಳುವ ಹಾಗೆ ಮಾಡುವುದು ಕಷ್ಟ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಡಂಜನ್ ಮಾಸ್ಟರ್ ಆಗಿ, ಅಂದರೆ ಕಥೆ ನಡೆಸುತ್ತ ಆಟಗಾರರದ್ದಲ್ಲದ ಪಾತ್ರಗಳನ್ನೆಲ್ಲ ಆಡುವವರಾಗಿ, ಕೂತವರನ್ನು ಕೇಳಿ, ಹೇಳುತ್ತಾರೆ. ಲೋಕದ ಕೊಲೆಗಾರರು ಸುಳಿವು ಅಳಿಸಿ ಓಡುತ್ತಾರೆ. ನಾವೋ, ಹಾದಿಯುದ್ದಕ್ಕೂ ಸುಳಿವು ಚೆಲ್ಲಿ, ಯಾರಾದರೂ ಎಡವಲಪ್ಪಾ ಎಂದು ಹರಕೆ ಹೊರುತ್ತೇವೆ. ಆಟಗಾರರು ಅದನ್ನೆಲ್ಲ ಹುಷಾರಾಗಿ ದಾಟಿಕೊಂಡು ಹೋಗಿ ಕುದುರೆಲಾಯದಲ್ಲಿ ಹುಲ್ಲು ಕೆದಕುತ್ತಾರೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ಈ ಆಟದ ಮೂಲ, ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ಆಡುವ ಯುದ್ಧದಾಟ. ಹಾಗಾಗಿ ಕತ್ತಿ ಬೀಸುವುದಕ್ಕೆ ನಿಯಮಗಳು ಪುಟಗಟ್ಟಲೆ ಇವೆ. ಗಂಡನನ್ನು ಕಳೆದುಕೊಂಡವಳ ಎದುರು ಕೂತು, "ಯಜಮಾನರು ಆ ರಾತ್ರಿ ಊಟ ಮಾಡಿದ್ದರಾ ಅಮ್ಮಾ?" ಎಂದು ಕೇಳುವುದಕ್ಕೆ ಅಷ್ಟೇನೂ ಇಲ್ಲ. ಅದು ನಮ್ಮ ನಮ್ಮ ನಾಲಿಗೆಗೆ ಬಿಟ್ಟದ್ದು.

ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗಳಿಗೆ ಹತ್ತು ಕಟ್ಟಳೆ ಬರೆದ. ಅತಿಮಾನುಷ ಶಕ್ತಿ ತರಕೂಡದು. ಗುಪ್ತ ಕೋಣೆ ಒಂದಕ್ಕಿಂತ ಹೆಚ್ಚು ಇರಕೂಡದು. ಪವಾಡಗಳನ್ನು ನಂಬುವುದೇ ವೃತ್ತಿಯಾಗಿದ್ದ ಮನುಷ್ಯ ಕಥೆಯೊಳಗೆ ಮಾತ್ರ ಅವು ಬೇಡವೆಂದ. ನಮ್ಮ ಆಟದ ಕೋಟೆಗಳಲ್ಲಿ ಬಚ್ಚಲಿಗಿಂತ ಗುಪ್ತ ಕೋಣೆಗಳೇ ಜಾಸ್ತಿ. ಇನ್ನು ಅತಿಮಾನುಷ ಶಕ್ತಿಯ ವಿಷಯ ಹೇಳುವುದೇ ಬೇಡ. ಮಂತ್ರ ಬಲ್ಲವನೊಬ್ಬ ತಂಡದಲ್ಲಿದ್ದರೆ ಹೆಣವನ್ನೇ ಮಾತಾಡಿಸಬಹುದು.

ನಮ್ಮ ಬೇತಾಳ ತಾನೇ ಪ್ರಶ್ನೆ ಕೇಳುತ್ತಿತ್ತು. ಉತ್ತರಿಸುವ ತಲೆನೋವು ವಿಕ್ರಮನದ್ದು. ಇಲ್ಲಿ ಹೆಣವೇ ಉತ್ತರಿಸಬೇಕು, ಆದರೆ ಐದೇ ಪ್ರಶ್ನೆಗೆ. ಹೆಣಕ್ಕೆ ಬಾಯಿ ಉಳಿದಿರಬೇಕು. ಬದುಕಿದ್ದಾಗ ಗೊತ್ತಿದ್ದದ್ದಷ್ಟೇ ಅದಕ್ಕೆ ಗೊತ್ತು. ಕೇಳುವವರು ಶತ್ರುಗಳೆನಿಸಿದರೆ ಅದು ಸುಳ್ಳನ್ನೂ ಹೇಳಬಹುದು. ನಮ್ಮನೆ ಊಟದ ಮೇಜಿನ ಸುತ್ತ ನಡೆದ ಆಟದಲ್ಲಿ ಕ್ಲೆರಿಕ್ ಎಂಬ ಮಂತ್ರ ಬಲ್ಲ ಪೂಜಾರಿಯ ಪಾತ್ರದಲ್ಲಿದ್ದ ಗೆಳೆಯ ಬಹಳ ಸಂಭಾವಿತ. ಕೊಲೆಯಾದ ಜಮೀನ್ದಾರನ ಹೆಣ ಕಣ್ಣು ಬಿಟ್ಟ ಕೂಡಲೇ ಅಭ್ಯಾಸಬಲದಿಂದ, "ಹೇಗಿದ್ದೀರಿ ಸಾರ್?" ಎಂದ. "ಸತ್ತಿದ್ದೇನೆ" ಎಂದೆ ನಾನು, ಹೆಣದ ಪರವಾಗಿ. ಒಂದು ಪ್ರಶ್ನೆ ಹೋಯಿತು. "ಅಯ್ಯೋ, ಇದನ್ನೂ ಲೆಕ್ಕಕ್ಕೆ ಹಿಡಿದ್ರಾ?" "ಹೌದು." ಎರಡನೆಯದೂ ಹೋಯಿತು. ಪಕ್ಕದಲ್ಲಿದ್ದವಳು ಅವನ ಬಾಯಿ ಮುಚ್ಚಿ, "ಕೊಂದವರು ಯಾರು ಅಂತ ಕೇಳೋ" ಎಂದಳು. ಕೇಳಿದ. "ಬೆನ್ನ ಹಿಂದಿನಿಂದ ಬಂದವರು."

ಹೆಣ ಕೈಕೊಟ್ಟರೆ ಬದುಕಿರುವವರ ಮೇಲೆ ಸತ್ಯದ ಮಂತ್ರ ಹಾಕುತ್ತಾರೆ. ಹದಿನೈದು ಅಡಿಯ ಸುತ್ತಿನಲ್ಲಿ ಹತ್ತು ನಿಮಿಷ ಮಂತ್ರ ತಟ್ಟಿದವರು ಯಾರೂ ಬೇಕೆಂದು ಸುಳ್ಳು ಹೇಳುವಂತಿಲ್ಲ. ಆದರೆ ಮಂತ್ರ ತಟ್ಟಿದ್ದು ಅವರಿಗೂ ತಿಳಿಯುತ್ತದೆ. ಸತ್ಯದ ಗೆರೆ ದಾಟದೆಯೇ ಮಾತು ತೇಲಿಸಬಹುದು. ಮದುವೆಮನೆಯಲ್ಲಿ "ಮಗನಿಗೆ ಸಂಬಳ ಎಷ್ಟು ಬರುತ್ತೆ?" ಎಂದವರಿಗೆ "ಏನೋ, ದೇವರು ನಡೆಸ್ತಿದ್ದಾನೆ" ಎಂದು ಒಂದೂ ಸುಳ್ಳಾಡದೆ ದಾಟಿಬಂದ ಜನ ನಾವು. ಈ ವಿದ್ಯೆ ನಮಗೆ ಯಾರೂ ಕಲಿಸಬೇಕಿಲ್ಲ.

ಅಲ್ಲಿಗೆ ಗುಟ್ಟು ಹೊಳೆಯುತ್ತದೆ. ಮಂತ್ರ ತಡೆಯುವುದು ಸುಳ್ಳನ್ನು, ಸಂಕೋಚವನ್ನಲ್ಲ. ಆದ್ದರಿಂದ ಜಮೀನ್ದಾರನ ಮನೆಯಲ್ಲಿ ಕೊಲೆಗಾರ ಒಬ್ಬನೇ ಇದ್ದರೂ ಮುಚ್ಚಿಡಲು ಎಲ್ಲರಿಗೂ ಏನಾದರೊಂದು ಇರಬೇಕು. ಅಡುಗೆಯವಳು ಉಗ್ರಾಣದ ದ್ರಾಕ್ಷಾರಸ ಮಾರಿಕೊಳ್ಳುತ್ತಾಳೆ. ಹಿರಿಮಗನಿಗೆ ಜೂಜಿನ ಸಾಲವಿದೆ. ಪುರೋಹಿತನಿಗೆ ದೇವರಲ್ಲಿ ನಂಬಿಕೆ ಹೋಗಿ ಬಹಳ ಕಾಲವಾಗಿದೆ. ಆಟಗಾರರು ಇಪ್ಪತ್ತು ಮುಖದ ದಾಳ ಉರುಳಿಸಿ, "ಇವಳು ಏನಾದ್ರೂ ಮುಚ್ಚಿಡ್ತಿದ್ದಾಳಾ?" ಎಂದು ಕೇಳಿದರೆ ನಾನು ಧೈರ್ಯವಾಗಿ ಹೌದೆನ್ನಬಹುದು. ಮನೆಯಲ್ಲಿ ಯಾರ ಬಗ್ಗೆ ಕೇಳಿದರೂ ಅದೇ ಉತ್ತರ.

ಸುಳಿವುಗಳ ಬಗ್ಗೆ ತಿಳಿದವರು ಬೇಕಾದಷ್ಟು ಯೋಚಿಸಿದ್ದಾರೆ. ಆಟಗಾರರು ತಲುಪಬೇಕಾದ ಪ್ರತಿ ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವು ಇಡಿ ಎನ್ನುತ್ತಾನೆ ಇಂಥ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್. ಆಟ ರಚಿಸುವ ರಾಬಿನ್ ಲಾಸ್ ಪತ್ತೇದಾರಿ ಆಟಗಳಿಗೆಂದೇ 2007ರಲ್ಲಿ ರೂಪಿಸಿದ ಗಮ್‌ಶೂ ಪದ್ಧತಿಯಲ್ಲಂತೂ ಮುಖ್ಯ ಸುಳಿವಿಗೆ ದಾಳದ ಹಂಗೇ ಇಲ್ಲ. ತಕ್ಕ ವಿದ್ಯೆಯಿದ್ದವನು ತಕ್ಕ ಜಾಗದಲ್ಲಿ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಎರಡೂ ಬಲ್ಲವರ ಮಾತೇ. ಆದರೆ ರಕ್ತ ಮೆತ್ತಿದ ಕೈಗವಸನ್ನು ಮೇಜಿನ ನಡುವೆ ಇಟ್ಟರೂ, ನಾನು ಸುಮ್ಮನೆ ಬಾಯಿಗೆ ಬಂತೆಂದು ಹೇಳಿದ ಕುಂಟು ನಾಯಿಯ ಹಿಂದೆ ಹೊರಡುವ ಜನಕ್ಕೆ ಮೂರು ಸುಳಿವು ಯಾವ ಮೂಲೆಗೆ? ನಾಯಿಗೆ ಹೆಸರೇನು ಎಂದರು. ಹೆಸರಿಟ್ಟೆ. ಹೆಸರಿದೆ ಎಂದ ಮೇಲೆ ಅದೂ ಶಂಕಿತರ ಪಟ್ಟಿಗೆ ಸೇರಿತು.

ಇಷ್ಟು ಪಾತ್ರಗಳಿಗೂ ನನ್ನದೊಂದೇ ಗಂಟಲು. ವಿಧವೆಯೂ ಹಿರಿಮಗನೂ ಜಗಳಕ್ಕೆ ಬಿದ್ದರೆ ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನನಗೆ ನಾನೇ ಬೈದುಕೊಳ್ಳಬೇಕು. "ಹಾಲಿಗೆ ವಿಷ ಹಾಕಿದ್ದು ನೀನೇ!" ಎಂದು ನಾನು ಕಿರುಚಿದಾಗ ಒಳಗಿನಿಂದ ಅತ್ತೆ ಬಂದು, ಹಾಲಿನ ಪಾತ್ರೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಫ್ರಿಜ್ ಬಾಗಿಲು ಭದ್ರವಾಗಿ ಹಾಕಿ ಹೋದರು.

ಇಷ್ಟೆಲ್ಲ ಆದ ಮೇಲೆ ಕೊಲೆಗಾರ ಸಿಕ್ಕಿದ. ಜಮೀನ್ದಾರನ ತಮ್ಮ. ಕೈಕಟ್ಟಿ ನಿಲ್ಲಿಸಿದರು. ನಾನು ಅವನಿಗಾಗಿ ಬರೆದಿಟ್ಟಿದ್ದ ತಪ್ಪೊಪ್ಪಿಗೆಯ ಭಾಷಣ ಶುರುಮಾಡಬೇಕು, ಅಷ್ಟರಲ್ಲಿ ಕ್ಲೆರಿಕ್ ಗೆಳೆಯ ಎದ್ದು ನಿಂತು, "ಅದಿರಲಿ, ಯಜಮಾನರು ಹೋದ ಮೇಲೆ ಅಡುಗೆಯವಳ ಗತಿಯೇನು?" ಎಂದ. ಅವಳ ಸಂಬಳ ಏರಿಸಬೇಕೇ, ದ್ರಾಕ್ಷಾರಸದ ಕಳ್ಳತನ ಮನ್ನಿಸಬೇಕೇ, ನಾಯಿಯನ್ನು ಅವಳಿಗೇ ಒಪ್ಪಿಸಬೇಕೇ ಎಂದು ಬಿಸಿಬಿಸಿ ಚರ್ಚೆಯಾಯಿತು. ನಡುವೆ ಕೊಲೆಗಾರ ಒಮ್ಮೆ ಕೆಮ್ಮಿದ. "ಸ್ವಲ್ಪ ತಡಿಯಪ್ಪಾ" ಎಂದರು ಎಲ್ಲರೂ.