ಸಿಂಥಸೈಜರ್ ಸಂಸಾರಿಯ ವಿದೇಶ ವಲಸೆ

ಹಳೆಯ ಅನಲಾಗ್ ಸಿಂಥಸೈಜರ್‌ಗಳ ಸಂಗ್ರಾಹಕ ದೇಶ ಬಿಟ್ಟು ದೇಶಕ್ಕೆ ಹೊರಟಾಗ ನಿಜವಾಗಿ ವಲಸೆ ಹೋಗುವುದು ವಾದ್ಯಗಳು. ಅವನು ಅವುಗಳ ಸಾಮಾನು ಸರಂಜಾಮಿನ ಪೈಕಿ. ಈ ಬಗೆಯವನು ಸಾಮಾನ್ಯವಾಗಿ ಐವತ್ತರ ಆಚೀಚಿನ ಗಂಡಸು. ಹಗಲು ಹೊತ್ತು ಸಾಫ್ಟ್‌ವೇರೋ ಜಾಹೀರಾತೋ ದಂತವೈದ್ಯವೋ ಅವನ ಕಸುಬು, ರಾತ್ರಿ ಹೊತ್ತು ಸೋಲ್ಡರಿಂಗ್. ಇರುವುದು ಲಾಸ್ ಏಂಜಲೀಸಿನಲ್ಲೋ ಪೋರ್ಟ್‌ಲ್ಯಾಂಡಿನಲ್ಲೋ. ಹೊರಟಿರುವುದು ಬಹುತೇಕ ಬರ್ಲಿನ್ನಿಗೆ. ಬರ್ಲಿನ್ನೇ ಏಕೆಂದರೆ 1967ರಲ್ಲಿ ಟ್ಯಾಂಜರೀನ್ ಡ್ರೀಮ್ ಎಂಬ ಎಲೆಕ್ಟ್ರಾನಿಕ್ ಸಂಗೀತದ ತಂಡ ಹುಟ್ಟಿದ್ದು ಅಲ್ಲಿ, 2016ರಿಂದ ಸೂಪರ್‌ಬೂತ್ ಎಂಬ ಸಿಂಥಸೈಜರ್ ಜಾತ್ರೆ ನಡೆಯುತ್ತಿರುವುದು ಅಲ್ಲಿ. ಹೆಂಡತಿಗೆ ಕೆಲಸ ಸಿಕ್ಕಿರುವುದೂ ಅಲ್ಲೇ ಎಂಬುದನ್ನು ಅವನು ಕೊನೆಯಲ್ಲಿ ಸೇರಿಸುತ್ತಾನೆ, ಸೇರಿಸಿದರೆ.

ಸಂಗ್ರಹದ ಹಿನ್ನೆಲೆ ತಿಳಿಯದೆ ಸಂಗ್ರಾಹಕ ಅರ್ಥವಾಗುವುದಿಲ್ಲ. 1970ರಲ್ಲಿ ಬಂದ ಮಿನಿಮೋಗ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು. 1978ರ ಪ್ರಾಫೆಟ್-5 ಐದು ಸ್ವರಗಳನ್ನು ಒಟ್ಟಿಗೆ ನುಡಿಸಿತು. ಗುಂಡಿ ತಿರುಗಿಸಿ ತಿರುಗಿಸಿ ಕಂಡುಕೊಂಡ ನಾದವನ್ನು ನೆನಪಿನಲ್ಲೂ ಇಟ್ಟುಕೊಂಡಿತು. 1981ರ ಜುಪಿಟರ್-8 ಎಂಟು ಸ್ವರಗಳಿಗೆ ಏರಿತು. 1983ರಲ್ಲಿ ಯಮಹಾದ ಡಿಎಕ್ಸ್7 ಎಂಬ ಡಿಜಿಟಲ್ ವಾದ್ಯ ಬಂದದ್ದೇ ತಡ, ಸಂಗೀತಗಾರರು ಹಳೆಯದನ್ನೆಲ್ಲ ಸಿಕ್ಕಿದ ಬೆಲೆಗೆ ಮಾರಿ ಕೈತೊಳೆದುಕೊಂಡರು. ಡಿಎಕ್ಸ್7 ಶ್ರುತಿ ತಪ್ಪುತ್ತಿರಲಿಲ್ಲ, ಬಿಸಿಯೇರುವ ತನಕ ಕಾಯಿಸುತ್ತಿರಲಿಲ್ಲ, ಎತ್ತಿದರೆ ಸೊಂಟ ಹಿಡಿಯುತ್ತಿರಲಿಲ್ಲ. ಮಾರಿದವರು ಬುದ್ಧಿವಂತರೇ. ನಮ್ಮ ಸಂಗ್ರಾಹಕ ಕೊಂಡವರ ಸಾಲಿನವನು. ಯಾವ ವಾದ್ಯವನ್ನು ಯಾವ ಗಿರವಿ ಅಂಗಡಿಯಲ್ಲಿ, ಯಾವ ಚರ್ಚಿನ ನೆಲಮಾಳಿಗೆಯಲ್ಲಿ, ಎಷ್ಟು ಕಡಿಮೆಗೆ ಹೊಡೆದುಕೊಂಡೆ ಎಂಬುದು ಅವನಿಗೆ ಮಕ್ಕಳು ಹುಟ್ಟಿದ ತಾರೀಖಿಗಿಂತ ಚೆನ್ನಾಗಿ ನೆನಪಿರುತ್ತದೆ. ಈಗ ಅವುಗಳಲ್ಲಿ ಕೆಲವು ಕಾರಿನ ಬೆಲೆ ಬಾಳುತ್ತವೆ. ಈ ಸಂಗತಿಯನ್ನು ಅವನು ವಿಮಾ ಕಂಪನಿಗೆ ಮಾತ್ರ ತಿಳಿಸಿರುತ್ತಾನೆ.

ವಲಸೆಯ ಮೊದಲ ಹಂತ ಆಯ್ಕೆ. ಮನೆಯ ಸಾಮಾನುಗಳಲ್ಲಿ ಈಗಲೂ ತಯಾರಾಗುವಂಥವು ಒಂದು ಕಡೆ, ತಯಾರಿಕೆ ನಿಂತುಹೋದವು ಇನ್ನೊಂದು ಕಡೆ. ಮೊದಲನೆಯವು ಬರ್ಲಿನ್ನಿನಲ್ಲೂ ಸಿಗುವುದರಿಂದ ಹೊತ್ತೊಯ್ಯುವ ಅಗತ್ಯವಿಲ್ಲ. ಈ ತತ್ತ್ವದಂತೆ ಸೋಫಾ, ಮಂಚ, ಊಟದ ತಟ್ಟೆ, ಮಕ್ಕಳ ಸೈಕಲ್ಲು, ಹೆಂಡತಿಯ ಪುಸ್ತಕಗಳಲ್ಲಿ ಮರುಮುದ್ರಣ ಕಂಡವು ಎಲ್ಲ ಹಿಂದೆ ಉಳಿಯುತ್ತವೆ. ಹದಿನಾಲ್ಕು ಕೀಬೋರ್ಡುಗಳು, ಎರಡು ಪೆಟ್ಟಿಗೆ ಕೇಬಲ್ಲು, ಕೆಟ್ಟ ಸರ್ಕೀಟ್ ಬೋರ್ಡುಗಳ ಒಂದು ಬುಟ್ಟಿ ಹೊರಡುತ್ತವೆ. ಅಜ್ಜಿಯ ಕಾಲದ ಪಿಂಗಾಣಿಯ ತಯಾರಿಕೆಯೂ ನಿಂತಿದೆಯಲ್ಲ ಎಂದು ಹೆಂಡತಿ ಕೇಳಿದಾಗ ತತ್ತ್ವಕ್ಕೆ ಸಣ್ಣದೊಂದು ತಿದ್ದುಪಡಿ ಬರುತ್ತದೆ: ಬಿಡಿಭಾಗ ಸಿಗದ ವಸ್ತುಗಳು ಮಾತ್ರ. ಪಿಂಗಾಣಿಗೆ ಬಿಡಿಭಾಗಗಳೇ ಇಲ್ಲವಾದ್ದರಿಂದ ಚರ್ಚೆಯಲ್ಲಿ ಗೆದ್ದವನು ಅವನೇ. ಪಿಂಗಾಣಿ ಮಾತ್ರ ಹೇಗೋ ಬರ್ಲಿನ್ ಸೇರಿರುತ್ತದೆ.

ಒಂದೆರಡನ್ನು ಮಾರಬಾರದೇ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿದೆ. ಕೆಟ್ಟಿರುವುದನ್ನು ಮಾರಿದರೆ ಅರ್ಧ ಬೆಲೆ ಬರುವುದಿಲ್ಲ. ರಿಪೇರಿ ಮಾಡಿಸಿದ ಮೇಲೆ ಮಾರುವುದೇಕೆ? ವಾದ್ಯಗಳು ಸಾಗರ ದಾಟುವುದೇನು ಹೊಸತೇ ಎಂದು ಅವನು ಚರಿತ್ರೆಯನ್ನೂ ತೆಗೆಯುತ್ತಾನೆ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಯಂತ್ರವಿಟ್ಟು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಕಟ್ಟಿದರು. ಮುಂಬಯಿಯ ಚರಣಜಿತ್ ಸಿಂಗ್ 1982ರಲ್ಲಿ ಜುಪಿಟರ್-8, ಟಿಬಿ-303, ಟಿಆರ್-808 ಎಂಬ ಮೂರು ಜಪಾನಿ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಅವರ ಇಡೀ ಆಲ್ಬಮಿಗೆ ಮೂರೇ ಸಾಕಾದವು. ಹದಿನಾಲ್ಕು ಇಟ್ಟುಕೊಂಡವನು ಇದುವರೆಗೆ ಎಷ್ಟು ಹಾಡು ಮುಗಿಸಿದ್ದಾನೆಂದು ಕೇಳುವ ಕ್ರೌರ್ಯವನ್ನು ಮಿತ್ರರು ತೋರುವುದಿಲ್ಲ.

ಎರಡನೆಯ ಹಂತ ವಿದ್ಯುತ್ತು, ಇಲ್ಲಿ ಅವನು ಪ್ರವಾದಿಯಾಗುತ್ತಾನೆ. ಅಮೆರಿಕದ ಗೋಡೆಯ ಪ್ಲಗ್ಗಿನಲ್ಲಿ 120 ವೋಲ್ಟ್, 60 ಹರ್ಟ್ಸ್. ಜರ್ಮನಿಯಲ್ಲಿ 230 ವೋಲ್ಟ್, 50 ಹರ್ಟ್ಸ್. ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಅಮೆರಿಕಕ್ಕೆ ಮಿಕ್ಸಿ ಹೊತ್ತೊಯ್ದ ಅಮ್ಮಂದಿರಿಗೆ ಈ ಪಾಠ ಹೊಸದಲ್ಲ: ಇಲ್ಲಿಯ ಮಿಕ್ಸಿ ಅಲ್ಲಿ ಚಟ್ನಿಯನ್ನು ತಿರುವುವುದಿರಲಿ, ತೆಂಗಿನತುರಿಯನ್ನು ಸವರಿ ಸುಮ್ಮನಾಗುತ್ತದೆ. ಅದಕ್ಕೇ 110 ವೋಲ್ಟಿನ ಮಿಕ್ಸಿ ಬೇರೆ ಮಾರುತ್ತಾರೆ. ಸಂಗ್ರಾಹಕನ ದಾರಿ ಅದಕ್ಕೆ ವಿರುದ್ಧ ದಿಕ್ಕಿನದು, ಆದ್ದರಿಂದ ಅಪಾಯವೂ ಹೆಚ್ಚು. ಅಮೆರಿಕದ ವಾದ್ಯವನ್ನು ಮರೆತು ಬರ್ಲಿನ್ನಿನ ಪ್ಲಗ್ಗಿಗೆ ಸಿಕ್ಕಿಸಿದರೆ ಅದಕ್ಕೆ ಸುಮಾರು ಎರಡು ಪಟ್ಟು ಒತ್ತಡ ಸಿಗುತ್ತದೆ. ಅದೃಷ್ಟವಿದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಹೊಗೆ ಬರುತ್ತದೆ. ಕೆಲವು ವಾದ್ಯಗಳ ಬೆನ್ನಿನಲ್ಲೇ ವೋಲ್ಟೇಜ್ ಬದಲಿಸುವ ಸ್ವಿಚ್ಚಿರುತ್ತದೆ. ಕೆಲವನ್ನು ಬಿಚ್ಚಿ ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಬೇರೆ ರೀತಿ ಜೋಡಿಸಬೇಕು. ಉಳಿದವಕ್ಕೆ ಒತ್ತಡ ಇಳಿಸುವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೇ ಗತಿ. ಒಳಗಿನ ಸರ್ಕೀಟು ಡಿಸಿ ಕರೆಂಟಿನಲ್ಲಿ ನಡೆಯುವುದರಿಂದ ಹರ್ಟ್ಸಿನ ವ್ಯತ್ಯಾಸ ಸಿಂಥಸೈಜರಿನ ಶ್ರುತಿಯನ್ನು ಮುಟ್ಟುವುದಿಲ್ಲ. 60 ಹರ್ಟ್ಸಿಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ ಮಾತ್ರ 50ರಲ್ಲಿ ಕೊಂಚ ಹೆಚ್ಚು ಬಿಸಿಯಾಗುತ್ತದೆ. ಆ ಬಿಸಿಯನ್ನು ಅವನು ದಿನಕ್ಕೆ ನಾಲ್ಕು ಸಲ ಅಂಗೈ ಇಟ್ಟು ನೋಡುತ್ತಾನೆ. ಮಕ್ಕಳಿಗೆ ಜ್ವರ ಬಂದರೆ ಥರ್ಮಾಮೀಟರ್ ಸಾಕು ಅವನಿಗೆ.

ಈ ನೆಮ್ಮದಿಯನ್ನು ಕೆಡಿಸುವುದು ಸಂಗ್ರಹದ ಮೂಲೆಯಲ್ಲಿ ತಪ್ಪದೆ ಕೂತಿರುವ ಹ್ಯಾಮಂಡ್ ಆರ್ಗನ್. ಅದು ಸಿಂಥಸೈಜರಲ್ಲ, ಎಲ್ಲಿಂದಲೋ ಬಂದು ಸೇರಿಕೊಂಡ ದೊಡ್ಡಪ್ಪ. ಅದರೊಳಗಿನ ಚಕ್ರಗಳನ್ನು ತಿರುಗಿಸುವ ಮೋಟಾರು ಕರೆಂಟಿನ ಹರ್ಟ್ಸಿಗೆ ಸರಿಯಾಗಿ ಓಡುತ್ತದೆ. 60ರ ಯಂತ್ರಕ್ಕೆ 50 ಕೊಟ್ಟರೆ ಚಕ್ರಗಳು ನಿಧಾನವಾಗಿ, ಇಡೀ ಆರ್ಗನ್ ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. 440 ಹರ್ಟ್ಸಿನ ಸ್ವರ ಸುಮಾರು 367ಕ್ಕೆ ನಿಲ್ಲುತ್ತದೆ. ಐದು ಮನೆ ಶ್ರುತಿಯ ಕೀಲಿ ಒತ್ತಿದರೆ ಮೂರು ಮನೆ ಶ್ರುತಿ ಕೇಳುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸೀತೇ ಹೊರತು ಹರ್ಟ್ಸನ್ನು ಏರಿಸದು. ಅದಕ್ಕೆ ಬೇರೆಯೇ ಪರಿವರ್ತಕ ಬೇಕು. ಆ ಪರಿವರ್ತಕದ ಬೆಲೆ ವಿಚಾರಿಸಿದ ಮೇಲೆ, ಮೂರು ಸ್ವರಸ್ಥಾನ ತಗ್ಗಿದ ಹ್ಯಾಮಂಡಿನಲ್ಲಿ ವಿಶೇಷವಾದೊಂದು ಗಾಂಭೀರ್ಯವಿದೆ ಎಂದು ಅವನಿಗೆ ಅನಿಸತೊಡಗುತ್ತದೆ.

ಪ್ಯಾಕಿಂಗಿಗೆ ಬರುವ ಹೊತ್ತಿಗೆ ವಲಸೆ ಶಸ್ತ್ರಚಿಕಿತ್ಸೆಯ ರೂಪ ತಾಳಿರುತ್ತದೆ. ನಲವತ್ತು ವರ್ಷದ ವಾದ್ಯದೊಳಗೆ ನೆನಪನ್ನು ಕಾಯುವ ಬ್ಯಾಟರಿ ಇರುತ್ತದೆ. 1981ರ ಕೋರ್ಗ್ ಪಾಲಿಸಿಕ್ಸಿನಲ್ಲಿ ಅದು ಸೋರಿ, ತಾನು ಕೂತ ಬೋರ್ಡನ್ನೇ ತಿಂದುಹಾಕುವುದಕ್ಕೆ ಪ್ರಸಿದ್ಧ. 1984ರ ಜೂನೋ-106ರಲ್ಲಿ ಸ್ವರವನ್ನು ಸೋಸಿ ಹೊರಬಿಡುವ ಚಿಪ್ಪುಗಳ ಮೇಲಿನ ಲೇಪನವೇ ಕಾಲಕ್ರಮದಲ್ಲಿ ಶತ್ರುವಾಗುತ್ತದೆ. ಚಿಪ್ಪನ್ನು ಕಿತ್ತು ಅಸಿಟೋನಿನಲ್ಲಿ, ಅಂದರೆ ಉಗುರುಬಣ್ಣ ತೆಗೆಯುವ ದ್ರವದ ಮುಖ್ಯ ಅಂಶದಲ್ಲಿ, ನೆನೆಹಾಕಿ ಲೇಪನ ಬಿಡಿಸಿದರೆ ಎಷ್ಟೋ ಸಲ ಮತ್ತೆ ಬಾಯಿ ಬರುತ್ತದೆ. ಇದನ್ನೆಲ್ಲ ಹೊರಡುವ ಮುಂಚೆಯೇ ಮುಗಿಸಬೇಕೆಂದು ಅವನ ಹಟ. ಊಟದ ಮೇಜಿನ ಮೇಲೆ ಗಾಜಿನ ಬಟ್ಟಲುಗಳಲ್ಲಿ ಚಿಪ್ಪುಗಳು ನೆನೆಯುತ್ತಿರುವಾಗ ಮನೆಯವರು ನಿಂತುಕೊಂಡೇ ಊಟ ಮುಗಿಸುತ್ತಾರೆ. ಹಳೆಯ ನಾದಗಳ ಪ್ರತಿ ತೆಗೆಯುವುದು ಕ್ಯಾಸೆಟ್ಟಿನ ಮೇಲೆ, ಏಕೆಂದರೆ ಆ ಕಾಲದ ವಾದ್ಯಗಳು ತಮ್ಮ ನೆನಪನ್ನು ಕೀರಲು ಶಬ್ದವಾಗಿ ಟೇಪಿಗೆ ಕಕ್ಕುತ್ತಿದ್ದವು. ಹೀಗಾಗಿ ಒಂದು ಕ್ಯಾಸೆಟ್ ರೆಕಾರ್ಡರೂ ಪಟ್ಟಿಗೆ ಸೇರುತ್ತದೆ, ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು.

ಸಾಗಣೆಯವರು ಬಂದು ಟೇಪು ಹಿಡಿದು ಅಳೆದಾಗ ಮೊದಲ ಆಘಾತ. ವಿಮಾನದ ಸರಕಿಗೆ ತೂಕ, ಗಾತ್ರ ಎರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ. ಸಾಮಾನ್ಯವಾಗಿ 6,000 ಘನ ಸೆಂಟಿಮೀಟರಿಗೆ ಒಂದು ಕಿಲೋ ಎಂದು ಲೆಕ್ಕ. ಜೂನೋ ತೂಗುವುದು ಸುಮಾರು 10 ಕಿಲೋ. ಅದಕ್ಕೆ ಸುತ್ತಲೂ ದಪ್ಪ ಫೋಮ್ ಇಟ್ಟು 120, 50, 30 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಮಲಗಿಸಿದರೆ 30 ಕಿಲೋ ಎಂದು ಬಿಲ್ಲಾಗುತ್ತದೆ. ಗಾಳಿಯನ್ನು ಗಾಳಿಯಲ್ಲಿ ಸಾಗಿಸಲು ದುಡ್ಡೇ ಎಂದು ಹೆಂಡತಿ ಕೇಳುವುದು ಆಗ. ಹಡಗು ಅಗ್ಗ, ಆದರೆ ವಾರಗಟ್ಟಲೆ ಸಮುದ್ರದ ಮೇಲೆ ಕಂಟೇನರ್ ಹಗಲು ಕಾದು ರಾತ್ರಿ ತಣಿದು, ಒಳಗಿನ ತೇವ ಚಾವಣಿಯಿಂದ ಹನಿಯಾಗಿ ಉದುರುವುದುಂಟು. ಆದ್ದರಿಂದ ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಕಿಲೋಗಟ್ಟಲೆ ಕೊಳ್ಳುತ್ತಾನೆ. ಯಮಹಾ ಸಿಎಸ್-80ರ ವಿಷಯದಲ್ಲಿ ಮಾತ್ರ ಆಯ್ಕೆಯೇ ಇಲ್ಲ. ಬ್ಲೇಡ್ ರನ್ನರ್ ಚಿತ್ರದ ಸಂಗೀತಕ್ಕೆ ವ್ಯಾಂಜಲೀಸ್ ನುಡಿಸಿದ ಈ ವಾದ್ಯ ಹತ್ತಿರ ಹತ್ತಿರ 100 ಕಿಲೋ ತೂಗುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಿಸಿದರೂ ಶ್ರುತಿ ಕೆಡುತ್ತದೆಂದು ಹೆಸರು ಪಡೆದಿದೆ. ಅದು ಹಡಗಿನಲ್ಲೇ ಹೋಗಬೇಕು, ಹೋಗುವ ತನಕ ಅವನಿಗೆ ನಿದ್ದೆಯಿಲ್ಲ.

ಕಾಗದಪತ್ರದ ಹಂತದಲ್ಲಿ ಒಂದೇ ವಾದ್ಯಕ್ಕೆ ಮೂರು ಬೆಲೆ ಹುಟ್ಟುತ್ತವೆ: ವಿಮೆಗೆ ಒಂದು, ಕಸ್ಟಮ್ಸಿಗೆ ಒಂದು, ಮನೆಗೆ ಒಂದು. ಮೂರೂ ಒಂದೇ ಹಾಳೆಯಲ್ಲಿ ಬರದಂತೆ ನೋಡಿಕೊಳ್ಳುವುದೇ ದೊಡ್ಡ ಕಸರತ್ತು. ತನ್ನ ಮಿನಿಮೋಗ್ ಪುರಾತನ ವಸ್ತು ಎಂದು ಅವನ ವಾದ. ಸುಂಕದ ಪಟ್ಟಿಯಲ್ಲಿ ಪುರಾತನ ಎನಿಸಿಕೊಳ್ಳಲು ನೂರು ವರ್ಷ ದಾಟಿರಬೇಕು, ಅಂದರೆ ಮೊಟ್ಟಮೊದಲ ಮಿನಿಮೋಗೂ 2070ರ ತನಕ ಕಾಯಬೇಕು. ಮರದ ಭಯ ಇನ್ನೊಂದು. 2017ರಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟಾಗ ಗಿಟಾರು ಪ್ರಪಂಚ ತಲ್ಲಣಿಸಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ, ಬ್ರೆಜಿಲಿನ ಬೀಟೆಯನ್ನು ಬಿಟ್ಟು, ವಿನಾಯಿತಿ ಸಿಕ್ಕಿತು. ಅವನ ವಾದ್ಯಗಳ ಪಕ್ಕದ ಹಲಗೆಗಳು ಆಕ್ರೋಟು ಮರದವು. ಆದರೂ ಅವನು ಭಯಪಟ್ಟಿದ್ದ. ಎಲ್ಲರೂ ಪಡುತ್ತಿರುವಾಗ ತಾನೊಬ್ಬ ಬಿಡುವುದು ಸರಿಯಲ್ಲ ಎಂದು.

ಐರೋಪ್ಯ ಒಕ್ಕೂಟದ ನಿಯಮ ಅವನಿಗೆ ವರವಾಗಿ ಬಂದದ್ದು. ಹನ್ನೆರಡು ತಿಂಗಳಾದರೂ ಒಕ್ಕೂಟದ ಹೊರಗೆ ನೆಲೆಸಿದ್ದವನು ಒಳಗೆ ಮನೆ ಬದಲಿಸುವಾಗ, ಕನಿಷ್ಠ ಆರು ತಿಂಗಳು ಬಳಸಿದ ಸ್ವಂತ ಸಾಮಾನಿಗೆ ಸುಂಕವಿಲ್ಲ. ಬಳಸಿದ್ದೀರಾ ಎಂಬ ಪ್ರಶ್ನೆಗೆ ಮಾತ್ರ ಅವನು ಒಂದು ಕ್ಷಣ ತಡೆಯುತ್ತಾನೆ. ತಂದ ಮೇಲೆ ಹನ್ನೆರಡು ತಿಂಗಳು ಆ ಸಾಮಾನನ್ನು ಮಾರುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ, ಅಡವಿಡುವಂತಿಲ್ಲ, ಕೈಸಾಲವಾಗಿಯೂ ಕೊಡುವಂತಿಲ್ಲ. ಮಾರು ಎನ್ನುವ ಹೆಂಡತಿಗೂ ಎರಡು ದಿನಕ್ಕೆ ಕೊಡು ಎನ್ನುವ ಗೆಳೆಯನಿಗೂ ಹೀಗೆ ಒಂದೇ ಏಟಿಗೆ ಕಾನೂನಿನ ಉತ್ತರ ದೊರಕಿದೆ. ಆ ಪುಟವನ್ನು ಅವನು ಮುದ್ರಿಸಿ ಇಟ್ಟುಕೊಂಡಿರುತ್ತಾನೆ.

ಕೈಸಾಮಾನಾಗಿ ವಿಮಾನ ಹತ್ತುವುದು ಇಎಂಎಸ್ ಸಿಂಥಿ ಎಕೆಎಸ್. ಲಂಡನ್ನಿನ ಕಂಪನಿಯೊಂದರ ಈ ವಾದ್ಯ ಹೊರಗಿನಿಂದ ಸೂಟ್‌ಕೇಸು. ತೆರೆದರೆ ಬಣ್ಣಬಣ್ಣದ ಗುಂಡಿಗಳು, ಪಿನ್ನು ಚುಚ್ಚುವ ಚೌಕಳಿ, ಗಡಿಯಾರದಂಥ ಒಂದು ಮೀಟರು. ಎಕ್ಸ್‌ರೇ ಯಂತ್ರದ ಮುಂದೆ ಕೂತವರಿಗೆ ಇದು ಸಂಗೀತದ ವಾದ್ಯವೆಂದು ತಟ್ಟನೆ ಹೊಳೆಯುವುದಿಲ್ಲ. ನುಡಿಸಿ ತೋರಿಸಿ ಎನ್ನುತ್ತಾರೆ. ಅದು ಹೊರಡಿಸುವ ಶಬ್ದ ಅವರ ಅನುಮಾನವನ್ನು ಹೆಚ್ಚಿಸುತ್ತದೆ.

ಬರ್ಲಿನ್ನಿನ ಹಳೆಯ ಕಟ್ಟಡದ ನಾಲ್ಕನೆಯ ಮಹಡಿ, ಲಿಫ್ಟಿಲ್ಲ. ಸಿಎಸ್-80ಕ್ಕೆ ನಾಲ್ಕು ಜನ ಆಳು, ಪ್ರತಿ ತಿರುವಿನಲ್ಲೂ ಅವನೊಬ್ಬನ ಆರ್ತನಾದ. ಜರ್ಮನಿಯ ಬಾಡಿಗೆ ಮನೆಗಳಲ್ಲಿ ಅನೇಕವು ಅಡುಗೆಮನೆಯ ಕಟ್ಟೆ, ಒಲೆ, ಕಪಾಟು ಏನೂ ಇಲ್ಲದೆ ಬರುತ್ತವೆ. ಹಿಂದಿನ ಬಾಡಿಗೆದಾರರು ಎಲ್ಲವನ್ನೂ ಕಿತ್ತುಕೊಂಡು ಹೋಗಿರುತ್ತಾರೆ. ಹೆಂಡತಿಗೆ ಅದು ಬರೀ ಗೋಡೆ, ಅವನಿಗೆ ಹದಿನಾಲ್ಕು ಕೀಬೋರ್ಡುಗಳ ಗಾತ್ರದ ಜಾಗ. ಬಿಚ್ಚಿದಾಗ ಅವನು ಹೆದರಿದ ಯಾವುದೂ ಆಗಿರುವುದಿಲ್ಲ. ಒಡೆದಿರುವುದು ಕ್ಯಾಸೆಟ್ ರೆಕಾರ್ಡರು, ಎರಡೂ. ಸ್ವಿಚ್ಚು ಹಾಕಿ ಇಪ್ಪತ್ತು ನಿಮಿಷ ಬಿಸಿಯೇರಲು ಬಿಟ್ಟು, ಮಿನಿಮೋಗಿನ ಒಂದೇ ಒಂದು ಮಂದ್ರಸ್ವರವನ್ನು ಒತ್ತಿ ಹಿಡಿಯುತ್ತಾನೆ. ಕೆಳಮನೆಯವರು ಬಂದು ಬಾಗಿಲು ಬಡಿಯುತ್ತಾರೆ, ಏಕೆಂದರೆ ಅಂದು ಭಾನುವಾರ. ಜರ್ಮನಿಯಲ್ಲಿ ಭಾನುವಾರವಿಡೀ ನಿಶ್ಶಬ್ದದ ದಿನ.

ಮಾರುವಂತಿಲ್ಲವೆಂಬ ನಿರ್ಬಂಧದ ಹನ್ನೆರಡು ತಿಂಗಳು ಮುಗಿದಾಗ ಸಂಗ್ರಹ ಹದಿನೈದಾಗಿರುತ್ತದೆ. ಹದಿನೈದನೆಯದು ಹ್ಯಾಂಬರ್ಗಿನಲ್ಲಿ ಹುಟ್ಟಿದ ಪಿಪಿಜಿ ವೇವ್; ಅದರ ಸ್ವರ ಹುಟ್ಟುವುದು ಡಿಜಿಟಲ್ ಆಗಿ, ಆದರೆ ಫಿಲ್ಟರು ಅನಲಾಗ್ ಆದ್ದರಿಂದ ಕುಲಕ್ಕೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಅಷ್ಟರಲ್ಲಿ ಹೆಂಡತಿಯ ಕಂಪನಿ ಅವಳನ್ನು ಜಪಾನಿಗೆ ವರ್ಗ ಮಾಡಿರುತ್ತದೆ. ಜಪಾನಿನಲ್ಲಿ ಎಲ್ಲೆಡೆ 100 ವೋಲ್ಟ್, ಆದರೆ ಹರ್ಟ್ಸು ಎರಡು ಬಗೆ. 19ನೇ ಶತಮಾನದ ಕೊನೆಯಲ್ಲಿ ಟೋಕಿಯೋ ಜರ್ಮನಿಯ ಜನರೇಟರು ತರಿಸಿತು, ಒಸಾಕಾ ಅಮೆರಿಕದ್ದನ್ನು ತರಿಸಿತು. ಪೂರ್ವದಲ್ಲಿ 50, ಪಶ್ಚಿಮದಲ್ಲಿ 60 ಎಂದು ದೇಶ ಇವತ್ತಿಗೂ ಇಬ್ಭಾಗ. ಸಂಬಳ ಎಷ್ಟು, ಮಕ್ಕಳ ಶಾಲೆ ಹೇಗೆ ಎಂದು ಅವನು ಕೇಳುವುದಿಲ್ಲ. ಆಫೀಸು ಟೋಕಿಯೋದಲ್ಲೋ ಒಸಾಕಾದಲ್ಲೋ ಎಂದಷ್ಟೇ ಕೇಳುತ್ತಾನೆ. ಒಸಾಕಾ ಎಂದರೆ ಹ್ಯಾಮಂಡಿನ ಶ್ರುತಿ ಸರಿಹೋಗುತ್ತದೆ.