ರಿಮೋಟ್ ಹಿಡಿದ ಹಿರಿಯರಿಗೊಂದು ಬಹಿರಂಗ ಪತ್ರ

ಭಾನುವಾರ ಸಂಜೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೆವ್ವದ ಸಿನಿಮಾ ಹಾಕುವ ಅಪ್ಪ, ಅಮ್ಮ, ಮಾವ, ಚಿಕ್ಕಪ್ಪಂದಿರೇ,

ಕಳೆದ ದಸರಾ ರಜೆಯಲ್ಲಿ ನಮ್ಮ ಅಣ್ಣನ ಮನೆಯಲ್ಲಿ ‘ಆಪ್ತಮಿತ್ರ’ ನೋಡುತ್ತಿದ್ದೆವು. 2004ರ ಸಿನಿಮಾ, ನಮಗೆಲ್ಲ ಬಾಯಿಪಾಠ. ಹಾಗಾಗಿ ಅಣ್ಣನ ಆರು ವರ್ಷದ ಮಗಳು ನಡುವೆ ಕೂತಿದ್ದಾಳೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಹಾವಿಗೆ ಅವಳು ಹೆದರಲಿಲ್ಲ, ಬೀಗ ಹಾಕಿದ ಕೋಣೆಗೂ ಹೆದರಲಿಲ್ಲ. ಸೌಂದರ್ಯ ಅವರ ಗಂಗಾ ಕಣ್ಣರಳಿಸಿ ನಾಗವಲ್ಲಿ ಎಂಬ ಇನ್ನೊಬ್ಬಳೇ ಆದಾಗ ನನ್ನ ಸೆರಗಿನೊಳಗೆ ಮುಖ ಹುದುಗಿಸಿಬಿಟ್ಟಳು. ಎರಡು ರಾತ್ರಿ ಕಳೆದ ಮೇಲೆ ವಾರವಿಡೀ ಮಲಗುವ ಹೊತ್ತಿಗೆ ಒಂದೇ ಪ್ರಶ್ನೆ: “ಅಮ್ಮಾ, ನೀನು ನೀನೇ ತಾನೇ?” ನಾಗವಲ್ಲಿಯ ಗೆಜ್ಜೆಸದ್ದು ನೆನಪಾಗದಿರಲೆಂದು ಅತ್ತಿಗೆ ತಮ್ಮ ಕಾಲ್ಗೆಜ್ಜೆ ಬಿಚ್ಚಿಟ್ಟರು.

ಕೋರೆಹಲ್ಲಿನ ರಾಕ್ಷಸ ಹೇಗಿದ್ದರೂ ಹೊರಗಿನವನು. ಅಮ್ಮನಂಥವಳು ಕಣ್ಣೆದುರೇ ಬೇರೆ ಯಾರೋ ಆಗಿಬಿಟ್ಟರೆ ಮಗು ಯಾರ ಮಡಿಲಿಗೆ ಓಡಬೇಕು? ರಾತ್ರಿ ಬಾಗಿಲು ಬಡಿಯುವ ದೆವ್ವ ಹಿಂದಿರುಗಲೆಂದು ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದ ಕಾಲ ಹಲವರಿಗೆ ನೆನಪಿರಬಹುದು. ಆ ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ ಎಂಬುದೇ ಆಗಿನ ಪುಕಾರು. ದೊಡ್ಡವರೂ ಬೆವರಿದ್ದು ಅದಕ್ಕೇ.

ದೆವ್ವದ ಸಿನಿಮಾ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಕೊಳ್ಳಿದೆವ್ವ, ಬ್ರಹ್ಮರಾಕ್ಷಸರ ಕತೆ ಕೇಳುತ್ತಲೇ ನಾವು ಬೆಳೆದೆವು. ಆದರೆ ಅಜ್ಜಿ ಕತೆ ಹೇಳುತ್ತಿದ್ದುದು ಮೊಮ್ಮಕ್ಕಳ ಮುಖ ನೋಡಿಕೊಂಡು. ತುಟಿ ನಡುಗಿದ್ದು ಕಂಡರೆ ರಾಕ್ಷಸನಿಗೆ ಅಲ್ಲೇ ನಿದ್ದೆ ಬರಿಸುತ್ತಿದ್ದಳು. ಟೀವಿ ಮಗುವಿನ ಮುಖ ನೋಡುವುದಿಲ್ಲ. ಆ ಕೆಲಸ ನಮ್ಮದು.

ಚಿಕ್ಕವರಿಗೆ ತೋರಿಸಬೇಕೆಂದಿದ್ದರೆ ಸತ್ಯಜಿತ್ ರಾಯ್ ಅವರ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’ (1969) ಹಾಕಿ. ಬಂಗಾಳಿ ಬಾರದಿದ್ದರೂ ಅಡ್ಡಿಯಿಲ್ಲ. ಬಿದಿರುಮೆಳೆಯ ಕತ್ತಲಲ್ಲಿ ದೆವ್ವಗಳು ಗುಂಪು ಗುಂಪಾಗಿ ಬಂದು ತಾಳಕ್ಕೆ ಕುಣಿಯುತ್ತವೆ, ಅಲ್ಲಿ ಮಾತೇ ಇಲ್ಲ. ಕುಣಿತ ಮುಗಿದ ಮೇಲೆ ದೆವ್ವಗಳ ರಾಜ ಗೂಪಿ, ಬಾಘಾ ಎಂಬ ಇಬ್ಬರು ಬಡಪಾಯಿಗಳಿಗೆ ಮೂರು ವರ ಕೊಡುತ್ತಾನೆ. ಹೆದರಿ ನಡುಗಿದವರ ಕೈಗೇ ವರ! ಅದನ್ನು ಕಂಡ ಮಗು ಕತ್ತಲನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಎಂಟು-ಒಂಬತ್ತು ವರ್ಷದವರಿಗೆ ವಿಶಾಲ್ ಭಾರದ್ವಾಜ್ ಅವರ ‘ಮಕ್ಡೀ’ (2002) ಆಗಬಹುದು. ಶಬಾನಾ ಆಜ್ಮಿ ಅವರ ಮಾಟಗಾತಿ ಮೊದಮೊದಲು ಹೆದರಿಸುತ್ತಾಳೆ ನಿಜ, ಆದರೆ ಅವಳ ಬಂಡವಾಳ ಬಯಲು ಮಾಡುವವಳು ಒಬ್ಬ ಪುಟ್ಟ ಹುಡುಗಿ.

ಕಾರ್ಟೂನ್ ಎಂದರೆ ಮಕ್ಕಳದ್ದೇ ಎಂದುಕೊಳ್ಳಬೇಡಿ. ‘ಕೋರಲೈನ್’ (2009) ಬೊಂಬೆಗಳ ಸಿನಿಮಾ. ಅದರಲ್ಲಿ ಅಮ್ಮನ ಹಾಗೆಯೇ ಇರುವ ಇನ್ನೊಬ್ಬಳು ಅಮ್ಮ ಬರುತ್ತಾಳೆ, ಕಣ್ಣಿದ್ದ ಜಾಗದಲ್ಲಿ ಗುಂಡಿ ಹೊಲಿದುಕೊಂಡು. ನಮ್ಮ ಹುಡುಗಿಗೆ ಅದನ್ನು ಇನ್ನೂ ಐದಾರು ವರ್ಷ ನಾನು ತೋರಿಸುವುದಿಲ್ಲ.

ಸಿನಿಮಾ ಶುರುವಾಗುವಾಗ ಕಾಣುವ ಯು/ಎ ಎಂಬ ಗುರುತನ್ನು ದಯವಿಟ್ಟು ಓದಿ. 2024ರ ನಿಯಮಗಳ ಪ್ರಕಾರ ಅದರಲ್ಲೇ 7+, 13+, 16+ ಎಂದು ಮೂರು ಬಗೆ. ಅದು ಪೋಷಕರಿಗೆ ಕೊಡುವ ಸೂಚನೆ ಮಾತ್ರ, ಮಗುವನ್ನು ತಡೆಯಲು ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ.

ಇನ್ನೊಂದು ಮಾತು. ಅರ್ಧ ಹೆದರಿಕೆ ಇರುವುದು ಸದ್ದಿನಲ್ಲಿ. ಸೌಂಡ್ ಕಡಿಮೆ ಮಾಡಿ, ದೀಪ ಹಾಕಿ, ಹಗಲಲ್ಲೇ ನೋಡಿ. ಮಗು “ಸಾಕು” ಎಂದರೆ “ಇಷ್ಟಕ್ಕೆಲ್ಲ ಹೆದರ್ತಾರಾ, ಪುಕ್ಕಲು” ಎಂದು ನಗಬೇಡಿ, ನಿಲ್ಲಿಸಿಬಿಡಿ. ನಮ್ಮ ಮನೆಯಲ್ಲಿ ಅಂದು ನಕ್ಕೆವು. ಅದಕ್ಕೇ ಅವಳು ಮೊದಲ ಎರಡು ರಾತ್ರಿ ಬಾಯಿಬಿಡದೆ ಹೊದಿಕೆಯೊಳಗೆ ಎಚ್ಚರವಾಗಿದ್ದಳು.

ಈ ಭಾನುವಾರ ಮಕ್ಕಳಿಗೆ ತೋರಿಸಬೇಕೆಂದಿರುವ ಸಿನಿಮಾವನ್ನು ಶನಿವಾರ ರಾತ್ರಿಯೇ ನೀವೊಮ್ಮೆ ಕೊನೆಯವರೆಗೂ ನೋಡಿಬಿಡಿ.

ಇಂತಿ,
ಆ ಹುಡುಗಿಯ ಸೋದರತ್ತೆ