ರೋಮನ್ನರ ಬಚ್ಚಲಲ್ಲಿ ಕ್ಯಾಮೆರಾ

ಇಂಗ್ಲೆಂಡಿನ ಬಾತ್ ಪಟ್ಟಣದ ರೋಮನ್ ಸ್ನಾನಗೃಹಕ್ಕೆ ಟಿಕೆಟ್ ಕೊಂಡವರು ಸ್ನಾನವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಬಹುದು. ನೆಲದಡಿಯಿಂದ ದಿನಕ್ಕೆ 11 ಲಕ್ಷ ಲೀಟರಿಗೂ ಹೆಚ್ಚು ನೀರು, ಅದೂ 46 ಡಿಗ್ರಿ ಶಾಖದಲ್ಲಿ, ತಾನಾಗಿ ಉಕ್ಕುತ್ತದೆ. ಸೌದೆ ಒಟ್ಟಬೇಕಿಲ್ಲ, ಗೀಸರಿನ ಬಿಲ್ಲಿಲ್ಲ. ಆದರೆ ಬೆರಳು ಅದ್ದುವ ಹಾಗಿಲ್ಲ. ಹಾಗಾಗಿ ಜನವೆಲ್ಲ ಫೋಟೋ ತೆಗೆಯುವುದರಲ್ಲೇ ಮಗ್ನ.

ಮೇಲಿನ ಜಗಲಿಯಲ್ಲಿ ಜೂಲಿಯಸ್ ಸೀಸರ್ ಗತ್ತಿನಿಂದ ನಿಂತಿದ್ದ. ನನ್ನವಳು ಸೆರಗು ಸರಿಪಡಿಸಿಕೊಂಡು ಅವನ ಪಕ್ಕ ನಿಂತಳು. ಅಷ್ಟರಲ್ಲಿ ಕಿವಿಗಿಟ್ಟ ಆಡಿಯೋ ಗೈಡ್ ಗುಟ್ಟು ಬಿಚ್ಚಿತು: ಈ ವಿಗ್ರಹಗಳು 1890ರ ದಶಕದವು, ವಿಕ್ಟೋರಿಯಾ ರಾಣಿಯ ಕಾಲದ ಕೆತ್ತನೆ. ಕಂಬಗಳೂ ಅಷ್ಟೇ, ಬುಡ ಮಾತ್ರ ರೋಮನ್ನರದು, ಮೇಲಿನದೆಲ್ಲ ಆಮೇಲಿನವರ ಕೈಚಳಕ. ನಾನು ಕೂಡಲೇ ಕ್ಯಾಮೆರಾ ಕೆಳಗಿಳಿಸಿದೆ.

"ನನ್ನ ಮುಖ ಬಂತೇನ್ರೀ?"

"ಕಂಬದ ಬುಡ ಚೆನ್ನಾಗಿ ಬಂದಿದೆ."

ಅವಳು ನೋಡಿದ ನೋಟ ಪಕ್ಕಾ ರೋಮನ್ ಕಾಲದ್ದು.

ಅಸಲಿ ರೋಮನ್ನರು ಸಿಕ್ಕಿದ್ದು ಒಳಗೆ, ಗಾಜಿನ ಪೆಟ್ಟಿಗೆಯಲ್ಲಿ. ಸೀಸದ ಪುಟ್ಟ ತಗಡುಗಳು, ಸುಮಾರು 130 ಸಿಕ್ಕಿವೆಯಂತೆ. ಹೆಚ್ಚಿನವು ಸ್ನಾನಕ್ಕಿಳಿದಾಗ ಬಟ್ಟೆಬರೆ ಕಳಕೊಂಡವರು ಸುಲಿಸ್ ಮಿನರ್ವಾ ದೇವಿಗೆ ಕೊಟ್ಟ ದೂರು. ಕದ್ದವನು ಗಂಡಸಾಗಲಿ ಹೆಂಗಸಾಗಲಿ, ಆಳಾಗಲಿ ಧಣಿಯಾಗಲಿ ಬಿಡಬೇಡ ತಾಯೀ ಎಂದು ಕೊರೆದು, ಸುರುಳಿ ಸುತ್ತಿ ಬುಗ್ಗೆಗೆ ಎಸೆದಿದ್ದಾರೆ. ಡಾಕಿಮೆಡಿಸ್ ಎಂಬ ಪುಣ್ಯಾತ್ಮ ಎರಡು ಕೈಗವಸು ಕಳಕೊಂಡಿದ್ದ. ಕದ್ದವನಿಗೆ ಬುದ್ಧಿಯೂ ಹೋಗಲಿ, ಕಣ್ಣೂ ಹೋಗಲಿ ಎಂದು ಹಿಡಿಶಾಪ! ಕೈಗವಸಿಗೇ ಇಷ್ಟಾದರೆ ಅವನ ಮೇಲಂಗಿ ಕದ್ದಿದ್ದರೆ ಏನು ಗತಿ? ಸಾಮ್ರಾಜ್ಯ ಕಟ್ಟಿದವರ ಮೇಲೆ ನನಗೆ ಮೊದಲ ಸಲ ಪ್ರೀತಿ ಹುಟ್ಟಿತು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಳಕೊಂಡು ಬರಿಗಾಲಲ್ಲಿ ಮನೆ ಸೇರಿದವರು ಈ ತಗಡಿನ ಮುಂದೆ ಕೈಮುಗಿಯದೆ ಹೋಗಲಾರರು. ಆದರೆ ಫೋಟೋ ತೆಗೆದರೆ ಗಾಜಿನ ಮೇಲೆ ನನ್ನ ಬೋಳುನೆತ್ತಿಯೇ ಹೊಳೆಯುತ್ತದೆ; ಶಾಪವೆಲ್ಲ ಅದರ ಹಿಂದೆ.

ದೊಡ್ಡ ಕೊಳದ ತಳಕ್ಕೆ ಹಾಸಿದ ಸೀಸದ ಹಾಳೆಗಳೂ ಅವರವೇ, ಇಂದಿಗೂ ಸೋರುವುದಿಲ್ಲವಂತೆ. ಅದು ಕಣ್ಣಿಗೇ ಕಾಣದು, ಕ್ಯಾಮೆರಾಕ್ಕೆಲ್ಲಿ? ಆಗ ಮೇಲೆ ಭಾರೀ ಸೂರಿತ್ತು. ಈಗ ಬಟಾಬಯಲು, ಬಿಸಿಲು ಬಿದ್ದು ನೀರೆಲ್ಲ ಹಸಿರು.

ಸಂಜೆ ಇದ್ದುದರಲ್ಲಿ ಚೆಂದದ ಫೋಟೋಗಳನ್ನು ಆರಿಸಿ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೈಸೂರಿನಿಂದ ಅಮ್ಮನ ಧ್ವನಿ ಬಂತು: "ಅಷ್ಟು ದುಡ್ಡು ಕೊಟ್ಟು ನೋಡೋಕೆ ಹೋಗ್ತೀರಲ್ಲೋ, ಪಾಚಿ ತಿಕ್ಕೋಕೆ ಒಬ್ಬರೂ ಇಲ್ವಾ ಅಲ್ಲಿ?"